ಗ್ರಾಮ ಸಭೆಯಲ್ಲಿ ಕಾರ್ಯಸೂಚಿಗೆ ಹೊರತಾದ ವಿಷಯಗಳು: ಸಾರ್ವಜನಿಕರಿಗೆ ಮಾಹಿತಿ

ಗ್ರಾಮದ ಮತದಾರರೆಲ್ಲರೂ ನೇರವಾಗಿ ಪಾಲ್ಗೊಳ್ಳಬಹುದಾದ ಸಭೆಯೇ ಗ್ರಾಮ ಸಭೆ. 1993ರ ಏಪ್ರಿಲ್ 24ರಂದು ಜಾರಿಗೆ ಬಂದ ಸಂವಿಧಾನದ 73ನೇ ತಿದ್ದುಪಡಿಯು ಇದಕ್ಕೆ ಸಾಂವಿಧಾನಿಕ ಸ್ಥಾನವನ್ನು ನೀಡಿದೆ. ಕರ್ನಾಟಕ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಅಧಿನಿಯಮ, 1993ರ ಅನ್ವಯ ವಾರ್ಡ್ ಸಭೆ ಹಾಗೂ ಗ್ರಾಮ ಸಭೆಗಳನ್ನು ಆರು ತಿಂಗಳಿಗೆ ಕನಿಷ್ಠ ಒಮ್ಮೆ ನಡೆಸತಕ್ಕದ್ದು. ಗ್ರಾಮ ಪಂಚಾಯಿತಿ ಅಧ್ಯಕ್ಷರು ಗ್ರಾಮ ಸಭೆಯ ಅಧ್ಯಕ್ಷತೆ ವಹಿಸುತ್ತಾರೆ.

ವಿಷಯಾಂತರದಿಂದ ಆಗುವ ನಷ್ಟ

ಇಬ್ಬರ ನಡುವಿನ ಜಮೀನಿನ ತಕರಾರು, ಹಿಂದಿನ ಚುನಾವಣೆಯ ವೈಮನಸ್ಸು ಮುಂತಾದವು ಸಭೆಯ ಬಹುಪಾಲು ಸಮಯವನ್ನು ಕಬಳಿಸುವುದುಂಟು. ಕೂಲಿ ಬಿಟ್ಟು ಬಂದವರು, ಚಿಕ್ಕ ಮಕ್ಕಳಿರುವ ತಾಯಂದಿರು, ವೃದ್ಧರು ಅಷ್ಟರಲ್ಲಿ ಎದ್ದು ಹೋಗುತ್ತಾರೆ. ವಸತಿ ಫಲಾನುಭವಿಗಳ ಪಟ್ಟಿಯನ್ನು ಓದುವ ಹೊತ್ತಿಗೆ ಬೆರಳೆಣಿಕೆಯ ಜನರಷ್ಟೇ ಉಳಿದಿರುತ್ತಾರೆ. ಅರ್ಹರ ಹೆಸರು ಬಿಟ್ಟುಹೋಗಿದ್ದರೂ ಆಕ್ಷೇಪಿಸುವವರು ಇರುವುದಿಲ್ಲ.

ಹಾಗೆಂದು ಕಾರ್ಯಸೂಚಿಯಲ್ಲಿಲ್ಲದ ಅಹವಾಲು ನಿರಾಧಾರವೆಂದು ಭಾವಿಸಬಾರದು. ಅದನ್ನು ಸೂಕ್ತ ಕಚೇರಿಗೆ ತಲುಪಿಸಿದಲ್ಲಿ ಮಾತ್ರ ಅಹವಾಲುದಾರರಿಗೂ ಸಭೆಗೂ ಪ್ರಯೋಜನವಾಗುತ್ತದೆ.

ಯಾವ ವಿಷಯ, ಎಲ್ಲಿ?

• ಜಾತಿ ಮತ್ತು ಆದಾಯ ಪ್ರಮಾಣಪತ್ರ: ನಾಡಕಚೇರಿಯಲ್ಲಿ ಅರ್ಜಿ ಸಲ್ಲಿಸಿ ಸ್ವೀಕೃತಿ ಪಡೆಯತಕ್ಕದ್ದು. ಸಕಾಲ ಅಧಿನಿಯಮ, 2011ರ ಅಡಿ ನಿಗದಿತ ಅವಧಿ ಮೀರಿದಲ್ಲಿ ದಿನಕ್ಕೆ 20 ರೂ.ನಂತೆ ಗರಿಷ್ಠ 500 ರೂ.ವರೆಗೆ ಪರಿಹಾರ ಕೋರಲು ಅವಕಾಶವಿದೆ.

• ಜಮೀನಿನ ಅಳತೆ ಮತ್ತು ಹದ್ದುಬಸ್ತು: ಭೂಮಾಪನ ಇಲಾಖೆಗೆ ಅರ್ಜಿ ಸಲ್ಲಿಸತಕ್ಕದ್ದು. ಮಾಲೀಕತ್ವದ ವ್ಯಾಜ್ಯವನ್ನು ಸಿವಿಲ್ ನ್ಯಾಯಾಲಯವೇ ಇತ್ಯರ್ಥಪಡಿಸಬೇಕಾಗುತ್ತದೆ.

• ಕಡತ ಅಥವಾ ಬಿಲ್ಲಿನ ಪ್ರತಿ: ಮಾಹಿತಿ ಹಕ್ಕು ಅಧಿನಿಯಮ, 2005ರ ಅಡಿ 10 ರೂ. ಶುಲ್ಕದೊಂದಿಗೆ ಅರ್ಜಿ ಸಲ್ಲಿಸಬಹುದು. ಸಾಮಾನ್ಯವಾಗಿ 30 ದಿನಗಳೊಳಗೆ ಉತ್ತರ ನೀಡತಕ್ಕದ್ದು.

• ಕುಡಿಯುವ ನೀರು, ಬೀದಿ ದೀಪ, ಚರಂಡಿ: ಇವು ಪಂಚಾಯಿತಿಯ ಕರ್ತವ್ಯಗಳಾಗಿದ್ದು, ಸಭೆಯಲ್ಲಿಯೇ ಪ್ರಸ್ತಾಪಿಸಬಹುದಾಗಿದೆ.

ಸಭೆಯಲ್ಲಿ ಅನುಸರಿಸಬಹುದಾದ ಕ್ರಮ

1. ಬೇಡಿಕೆಗಳನ್ನು ಮೊದಲು ವಾರ್ಡ್ ಸಭೆಯಲ್ಲಿ ಮಂಡಿಸುವುದು ಸೂಕ್ತ. ಫಲಾನುಭವಿಗಳನ್ನು ಗುರುತಿಸುವ ಕಾರ್ಯ ಅಲ್ಲಿಂದಲೇ ಆರಂಭವಾಗುತ್ತದೆ.

2. ಸಭೆಯ ಪ್ರಾರಂಭದಲ್ಲಿ ಕಾರ್ಯಸೂಚಿಯನ್ನು ಓದಿ ಹೇಳಿ, ಫಲಾನುಭವಿಗಳ ಪಟ್ಟಿಯಂತಹ ಮುಖ್ಯ ವಿಷಯಗಳನ್ನು ಮೊದಲು ಕೈಗೆತ್ತಿಕೊಳ್ಳುವುದು ಉತ್ತಮ.

3. ಕಾರ್ಯಸೂಚಿಗೆ ಹೊರತಾದ ಅಹವಾಲು ಬಂದಾಗ ಅಹವಾಲುದಾರರ ಹೆಸರು, ವಿಷಯ ಮತ್ತು ಸಂಬಂಧಿಸಿದ ಕಚೇರಿಯನ್ನು ಪ್ರತ್ಯೇಕ ಹಾಳೆಯಲ್ಲಿ ಬರೆದುಕೊಂಡು, ಕೊನೆಯಲ್ಲಿ ಅವುಗಳಿಗಾಗಿಯೇ ಸಮಯ ನೀಡಬಹುದು. ತಮ್ಮ ಮಾತು ದಾಖಲಾಗಿದೆ ಎಂದು ತಿಳಿದವರು ಅದನ್ನೇ ಮತ್ತೆ ಮತ್ತೆ ಎತ್ತುವುದು ಕಡಿಮೆಯಾಗುತ್ತದೆ.

4. ವೈಯಕ್ತಿಕ ನಿಂದನೆಗೆ ಅವಕಾಶ ನೀಡಬಾರದು.

ವಿಶೇಷ ಸೂಚನೆ

ಪಂಚಾಯಿತಿಯ ಖರ್ಚು, ಕಾಮಗಾರಿಯ ಗುಣಮಟ್ಟ ಹಾಗೂ ಫಲಾನುಭವಿಗಳ ಆಯ್ಕೆಯ ಬಗ್ಗೆ ಕೇಳುವ ಪ್ರಶ್ನೆಗಳು ಎಷ್ಟೇ ಕಟುವಾಗಿದ್ದರೂ ವಿಷಯಾಂತರವಲ್ಲ. ಕುಡಿಯುವ ನೀರು ಕಲುಷಿತಗೊಂಡಿರುವಂತಹ ತುರ್ತು ಸಂಗತಿಯನ್ನು ಕಾರ್ಯಸೂಚಿಯಲ್ಲಿಲ್ಲ ಎಂಬ ಕಾರಣಕ್ಕೆ ಮುಂದೂಡುವುದು ಸರಿಯಲ್ಲ. ಕಾರ್ಯಸೂಚಿ ಇರುವುದು ಎಲ್ಲರ ಮಾತಿಗೂ ಸಮಯ ದೊರೆಯಲೆಂದು. ಪ್ರಶ್ನಿಸುವವರನ್ನು ಸುಮ್ಮನಾಗಿಸಲು ಅದನ್ನು ಬಳಸಬಾರದು.

ಸಾರ್ವಜನಿಕರು ಸಭೆ ಮುಗಿಯುವವರೆಗೆ ಹಾಜರಿದ್ದು, ಕೈಗೊಂಡ ನಿರ್ಣಯಗಳನ್ನು ನಡವಳಿ ಪುಸ್ತಕದಲ್ಲಿ ದಾಖಲಿಸಿರುವುದನ್ನು ಖಚಿತಪಡಿಸಿಕೊಳ್ಳುವಂತೆ ಕೋರಲಾಗಿದೆ.