ದುಬೈನ ಚರ್ಚಿನಲ್ಲಿ ನಮ್ಮ ಕರಾವಳಿ

ದುಬೈನ ಔದ್ ಮೇಥಾ ಬಡಾವಣೆ. ಇಲ್ಲಿನ ಸೇಂಟ್ ಮೇರೀಸ್ ಚರ್ಚಿಗೆ ಜಾಗ ಕೊಟ್ಟವರು ಅಂದಿನ ದೊರೆ ಶೇಖ್ ರಶೀದ್. ಮೊದಲ ಚರ್ಚ್ ಎದ್ದದ್ದು 1967ರಲ್ಲಿ.

ಊರು ಬೆಳೆಯಿತು. ಕೆಲಸ ಹುಡುಕಿಕೊಂಡು ಮಂಗಳೂರು, ಉಡುಪಿಯವರೂ ಬಂದರು. ಜಾಗ ಸಾಲದಾಯಿತು. 1989ರಲ್ಲಿ ಈಗಿನ ದೊಡ್ಡ ಚರ್ಚ್ ತೆರೆಯಿತು.

ಆದರೆ ನಿಜವಾದ ಬದಲಾವಣೆ ಗೋಡೆಯದ್ದಲ್ಲ, ವೇಳಾಪಟ್ಟಿಯದ್ದು! ಅರಬ್ಬಿ, ಮಲಯಾಳಂ, ಫಿಲಿಪೀನ್ಸಿನ ಟಗಾಲೊಗ್ ಜೊತೆಗೆ ನಮ್ಮ ಕೊಂಕಣಿಯಲ್ಲೂ ಬಲಿಪೂಜೆ. ವಾರದ ರಜೆ ಶುಕ್ರವಾರವಿದ್ದಾಗ, ಭಾನುವಾರದ ಪೂಜೆಗೆ ಜನ ಶುಕ್ರವಾರವೇ ಸೇರುತ್ತಿದ್ದರು. 2022ರಿಂದ ಭಾನುವಾರವೂ ರಜೆ. ಸೆಪ್ಟೆಂಬರಿನ ಮೊಂತಿ ಹಬ್ಬಕ್ಕೆ, ಅಂದರೆ ಮರಿಯಮ್ಮನ ಹುಟ್ಟುಹಬ್ಬಕ್ಕೆ, ಪುಟ್ಟ ಮಕ್ಕಳು ಆಕೆಗೆ ಹೂ ಅರ್ಪಿಸುತ್ತಾರೆ. ಎಲ್ಲರ ಭಾಷೆಗೂ ಜಾಗ ಕೊಡುವುದೇ ದೊಡ್ಡ ಜೀರ್ಣೋದ್ಧಾರ.

ದುಬೈಯಲ್ಲಿದ್ದೀರಾ? ಕೊಂಕಣಿ ಪೂಜೆಯ ಸಮಯ ವಿಚಾರಿಸಿ, ಮಕ್ಕಳನ್ನೂ ಕರೆದುಕೊಂಡು ಹೋಗಿ.