ಐಸಿಯು: ಹಾಸಿಗೆ ಎಣಿಸಿದರೆ ಸಾಲದು

ಹಾತಕಣಂಗಲೆ, ಇಚಲಕರಂಜಿ ಕಡೆ ಯಾರದಾದರೂ ಸ್ಥಿತಿ ಗಂಭೀರವಾದರೆ ಕೊಲ್ಹಾಪುರದ ಸಿಪಿಆರ್ ಸರ್ಕಾರಿ ಆಸ್ಪತ್ರೆಗೋ ಖಾಸಗಿ ಆಸ್ಪತ್ರೆಗೋ ಒಯ್ಯುತ್ತಾರೆ. ನಿಪ್ಪಾಣಿ, ಚಿಕ್ಕೋಡಿಯವರೂ ಅಲ್ಲಿಗೆ ಬರುತ್ತಾರೆ. ಐಸಿಯು ಬಾಗಿಲಲ್ಲಿ ನಿಂತವರು ಡಾಕ್ಟರು ಯಾರು, ವೆಂಟಿಲೇಟರ್ ಇದೆಯೇ ಎಂದು ಕೇಳುತ್ತಾರೆ. ಈ ಪಾಳಿಯಲ್ಲಿ ಸಿಸ್ಟರ್ ಎಷ್ಟು ಜನ ಎಂದೂ ಕೇಳಬೇಕು.

ತಪ್ಪು ಕಲ್ಪನೆ: ವೆಂಟಿಲೇಟರ್ ಎಣಿಸಿದರೆ ಸಿಸ್ಟರ್‌ಗಳ ಕೆಲಸದ ಲೆಕ್ಕ ಸಿಗುತ್ತದೆ.

ವಾಸ್ತವ: 1974ರಲ್ಲಿ ಅಮೆರಿಕದಲ್ಲಿ ಬಂದ ‘ಟಿಸ್’ ಅಳತೆ ಎಣಿಸಿದ್ದು ಚಿಕಿತ್ಸೆಗಳನ್ನು. ಅದರ ಪರಿಷ್ಕೃತ ರೂಪ, ‘ಟಿಸ್-28’ ಕೂಡ ನರ್ಸ್‌ಗಳ ಸಮಯದಲ್ಲಿ ಶೇ 43ರಷ್ಟನ್ನು ಮಾತ್ರ ಹಿಡಿಯುತ್ತಿತ್ತು. 2003ರಲ್ಲಿ ಮಿರಾಂಡಾ ಮತ್ತು ಸಂಗಡಿಗರು ಪ್ರಕಟಿಸಿದ ‘ನರ್ಸಿಂಗ್ ಆಕ್ಟಿವಿಟೀಸ್ ಸ್ಕೋರ್’ ಶೇ 81ರಷ್ಟನ್ನು ಹಿಡಿಯಿತು. ಅದರಲ್ಲಿ 23 ಬಾಬುಗಳಿವೆ. 100 ಅಂಕ ಎಂದರೆ ದಿನದ 24 ಗಂಟೆಯೂ ಒಬ್ಬ ನರ್ಸ್ ಬೇಕು ಎಂದರ್ಥ. ಒಂದು ಅಂಕಕ್ಕೆ 14.4 ನಿಮಿಷ.

ಉಸಿರಾಟಕ್ಕೆ ಯಂತ್ರದ ನೆರವು ಎಂಬ ಬಾಬಿಗೆ ಇರುವುದು 1.4 ಅಂಕ, ಸುಮಾರು 20 ನಿಮಿಷ. ರೋಗಿಗೂ ಮನೆಯವರಿಗೂ ವಿವರಿಸಿ ಧೈರ್ಯ ಹೇಳಲು ಒಂದು ಪಾಳಿಯಲ್ಲಿ ಮೂರು ಗಂಟೆ ಅಥವಾ ಹೆಚ್ಚು ಹಿಡಿದರೆ 32 ಅಂಕ, ಅಂದರೆ ಏಳೂವರೆ ಗಂಟೆಗೂ ಮೇಲೆ. ರೋಗಿಯ ತಾಯಿಗೆ ಕನ್ನಡ ಮಾತ್ರ ಬರುತ್ತದೆ, ಸಿಸ್ಟರ್‌ಗೆ ಮರಾಠಿ ಮಾತ್ರ ಬರುತ್ತದೆ ಎಂದರೆ ಈ ಕೆಲಸ ಇನ್ನೂ ಹಿಗ್ಗುತ್ತದೆ. ಅದನ್ನು ‘ಬರೀ ಮಾತು’ ಎಂದು ಲೆಕ್ಕದಿಂದ ಬಿಡುವುದು ಅನ್ಯಾಯ. ಇಬ್ಬರೂ ವೆಂಟಿಲೇಟರ್ ಮೇಲಿದ್ದರೂ, ನಿದ್ರೆಯ ಔಷಧದಲ್ಲಿ ಸುಮ್ಮನೆ ಮಲಗಿದವರಿಗಿಂತ ಅರೆ ಎಚ್ಚರದಲ್ಲಿ ಟ್ಯೂಬ್ ಕಿತ್ತುಕೊಳ್ಳಲು ಹೋಗುವವರ ಬಳಿಯಿಂದ ಕದಲುವುದೇ ಕಷ್ಟ.

ತಪ್ಪು ಕಲ್ಪನೆ: ರಾತ್ರಿ ಪಾಳಿಗೆ ಕಡಿಮೆ ಜನ ಸಾಕು.

ವಾಸ್ತವ: ಮಗ್ಗುಲು ಬದಲಿಸುವುದು, ಕಫ ಎಳೆಯುವುದು, ಮಾನಿಟರ್ ನೋಡುವುದು ರಾತ್ರಿಯೂ ನಿಲ್ಲುವುದಿಲ್ಲ.

ತಪ್ಪು ಕಲ್ಪನೆ: ಪಾಳಿಗೊಬ್ಬರಂತೆ ಮೂವರನ್ನು ನೇಮಿಸಿದರೆ ಒಂದು ಹಾಸಿಗೆಗೆ ಸದಾ ಒಬ್ಬರಿರುತ್ತಾರೆ.

ವಾಸ್ತವ: ವೆಂಟಿಲೇಟರ್ ಮೇಲಿರುವವರಿಗೆ ಪಾಳಿಗೊಬ್ಬ ನರ್ಸ್ ಎಂಬುದು ನಮ್ಮಲ್ಲೂ ಒಪ್ಪಿದ ಪ್ರಮಾಣ. ವರ್ಷಕ್ಕೆ 1,095 ಪಾಳಿ. ವಾರದ ರಜೆ 52 ದಿನ, ಉಳಿದ ರಜೆ, ಕಾಯಿಲೆ, ತರಬೇತಿಗೆ 43 ದಿನ ಎಂದಿಟ್ಟುಕೊಂಡರೂ ಒಬ್ಬರು ಕೆಲಸಕ್ಕೆ ಸಿಗುವುದು 270 ದಿನ. ಆ ಒಂದು ಹಾಸಿಗೆಗೆ ನಾಲ್ವರಿದ್ದರೂ ಸ್ವಲ್ಪ ಕಡಿಮೆಯೇ. ಮೂವರನ್ನೇ ಇಟ್ಟರೆ 285 ಪಾಳಿಗಳಲ್ಲಿ ಪಕ್ಕದ ಹಾಸಿಗೆಯ ಸಿಸ್ಟರೇ ಇದನ್ನೂ ನೋಡಿಕೊಳ್ಳಬೇಕಾಗುತ್ತದೆ.