ಗುಂಟೆ ಬರುತ್ತೆ, ಭಿನ್ನರಾಶಿ ಬರಲ್ಲ

ಮಳವಳ್ಳಿ ಕಡೆಯ ಏಳನೇ ಕ್ಲಾಸಿನ ರೈತರ ಮನೆ ಹುಡುಗನನ್ನು ಕೇಳಿ: ಒಂದು ಎಕರೆ 20 ಗುಂಟೆ ಜಮೀನು, ಮೂವರು ಅಣ್ಣತಮ್ಮಂದಿರು, ತಲೆಗೆಷ್ಟು? "ಇಪ್ಪತ್ತಿಪ್ಪತ್ ಗುಂಟೆ ಬತ್ತದೆ ಸಾ" ಅಂತಾನೆ, ಪೆನ್ನು ಮುಟ್ಟದೆ. ಅದನ್ನೇ ಬೋರ್ಡಿನ ಮೇಲೆ ಒಂದೂವರೆಯನ್ನು ಮೂರರಿಂದ ಭಾಗಿಸು ಎಂದು ಬರೆಯಿರಿ. ಸೀಮೆಸುಣ್ಣ ಹಿಡಿದು ನಿಂತುಬಿಡುತ್ತಾನೆ.

ಬದುಕಿನ ಲೆಕ್ಕ ಬಂದರೆ ಶಾಲೆಯ ಲೆಕ್ಕ ತಾನಾಗಿ ಬರುತ್ತೆ ಅನ್ನುವುದು ತಪ್ಪು ಕಲ್ಪನೆ. ಶಾಲೆಯದು ಬಂದರೆ ಸಂತೆಯದು ಬರುತ್ತೆ ಅನ್ನುವುದೂ ಅಷ್ಟೇ. ಅರ್ಥಶಾಸ್ತ್ರಜ್ಞರಾದ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಮತ್ತವರ ತಂಡ ಕೋಲ್ಕತ್ತ, ದೆಹಲಿಯ ಮಾರುಕಟ್ಟೆಗಳಲ್ಲಿ ವ್ಯಾಪಾರ ಮಾಡುವ ಮಕ್ಕಳನ್ನು ಪರೀಕ್ಷಿಸಿ, 2025ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಬರೆದದ್ದು ಇದನ್ನೇ: ಬಾಯಲ್ಲೇ ಬಿಲ್ ಹಾಕುವ ಮಕ್ಕಳು ಪುಸ್ತಕದ ಲೆಕ್ಕದಲ್ಲಿ ಎಡವಿದರು, ಪುಸ್ತಕದಲ್ಲಿ ಚುರುಕಾದ ಶಾಲಾಮಕ್ಕಳು ವ್ಯಾಪಾರದ ಲೆಕ್ಕದಲ್ಲಿ ಎಡವಿದರು.

ಅಬ್ಯಾಕಸ್ ಕಲಿತರೆ ತಲೆ ಎಲ್ಲದಕ್ಕೂ ಓಡುತ್ತೆ ಎಂಬ ಇನ್ನೊಂದು ನಂಬಿಕೆಗೆ ಪೋಷಕರು ಫೀಸು ಬೇರೆ ಕಟ್ಟುತ್ತಾರೆ. ಅಬ್ಯಾಕಸ್ ಕಲಿತವರಿಗೆ ಅಬ್ಯಾಕಸ್ ಚೆನ್ನಾಗಿ ಬರುತ್ತೆ, ಕೂಡು-ಕಳೆಯೂ ಚುರುಕಾದೀತು. ಅದಕ್ಕಿಂತ ದೂರದ ವಿಷಯಕ್ಕೆ ಅದು ಹೋಗುವುದು ಕಮ್ಮಿ. ಒಂದರ ಅಭ್ಯಾಸ ಇನ್ನೊಂದಕ್ಕೆ ಸಲೀಸಾಗಿ ದಾಟುವುದಿಲ್ಲವೆಂದು ಮನೋವಿಜ್ಞಾನಿಗಳಾದ ಥಾರ್ನ್‌ಡೈಕ್, ವುಡ್‌ವರ್ತ್ 1901ರಲ್ಲೇ ತೋರಿಸಿದ್ದರು.

ಕಲಿಕೆ ಸಲೀಸಾಗಿ ದಾಟದಿದ್ದರೂ ಕರೆಂಟು ದಾಟಿತು: ಅದರ ಮರುವರ್ಷವೇ ನಮ್ಮ ಶಿವನಸಮುದ್ರದ ಕರೆಂಟು ಸುಮಾರು 147 ಕಿಲೋಮೀಟರ್ ದಾಟಿ ಕೋಲಾರದ ಚಿನ್ನದ ಗಣಿಗೆ ಹೋಯಿತು. ಆ ಪವರ್‌ಹೌಸ್ ಇರುವ ಬ್ಲಫ್‌ಗೆ ಮಕ್ಕಳನ್ನು ಪ್ರವಾಸ ಕರೆತರುವ ಮೇಷ್ಟ್ರುಗಳು ಈ ಕಥೆ ಹೇಳಿ, ಫೋಟೊ ತೆಗೆಸಿ, ಗಗನಚುಕ್ಕಿ ಜಲಪಾತಕ್ಕೆ ಹೊರಡುತ್ತಾರೆ. ಕಣ್ಣಾರೆ ಕಂಡರೆ ಸಾಕು, ಮಕ್ಕಳಿಗೆ ತಾನೇ ತಿಳಿಯುತ್ತೆ ಅನ್ನುವುದು ಮೂರನೇ ತಪ್ಪು. 'ಪ್ರಚ್ಛನ್ನ ಶಕ್ತಿ ಚಲನಶಕ್ತಿಯಾಗುತ್ತದೆ' ಎಂದು ನೋಟ್ಸಿನಲ್ಲಿ ಬರೆದ ಹುಡುಗಿಗೂ ಗುಡ್ಡದಿಂದ ಪವರ್‌ಹೌಸಿಗಿಳಿಯುವ ಆ ದಪ್ಪ ಪೈಪುಗಳಲ್ಲಿ ಅದೇ ಇದೆ ಅಂತ ಹೊಳೆಯದೆ ಹೋಗಬಹುದು. ಮನೋವಿಜ್ಞಾನಿಗಳಾದ ಗಿಕ್, ಹೋಲಿಯೋಕ್ ಅವರ 1980ರ ಪ್ರಯೋಗದಲ್ಲಿ, ಒಂದು ಸಮಸ್ಯೆಯ ಉತ್ತರ ಅಡಗಿದ್ದ ಕಥೆಯನ್ನು ಮೊದಲೇ ಓದಿದ್ದ ಕಾಲೇಜು ವಿದ್ಯಾರ್ಥಿಗಳಲ್ಲೂ ಹೆಚ್ಚಿನವರಿಗೆ ಅದನ್ನು ಬಳಸಲು ತೋಚಲಿಲ್ಲ. 'ಆ ಕಥೆ ನೆನೆಸಿಕೊಳ್ಳಿ' ಎಂದು ಸುಳಿವು ಕೊಟ್ಟ ಮೇಲೆ ಬಹುಪಾಲು ಜನ ಸಮಸ್ಯೆ ಬಿಡಿಸಿದರು.

ಸುಳಿವು ಕೊಡುವುದು ಅಂದರೆ ಉತ್ತರ ಹೇಳಿಬಿಡುವುದಲ್ಲ. ಪೈಪಿನ ಎದುರು ನಿಲ್ಲಿಸಿ ಕೇಳಿ: ನಿಮ್ಮ ಮನೆ ಮೇಲಿನ ಟ್ಯಾಂಕಿನ ನೀರು ಕೆಳಗಿನ ನಲ್ಲಿಯಲ್ಲಿ ಜೋರು, ಮಹಡಿಯ ನಲ್ಲಿಯಲ್ಲಿ ನಿಧಾನ, ಯಾಕೆ? ಅದಕ್ಕೂ ಇದಕ್ಕೂ ಏನು ಒಂದೇ, ಏನು ಬೇರೆ? ಆಮೇಲೆ ಮೇಷ್ಟ್ರು ಸ್ವಲ್ಪ ಹೊತ್ತು ಸುಮ್ಮನಿರಬೇಕು. ಅದೇ ಕಷ್ಟ.